ಹಾಸಿಗೆ ಬಿಟ್ಟ ಔಷಧಿ, ಹಾಸಿಗೆ ಹಿಡಿದ ವಿಮೆ

(ಕ್ಯಾನ್ಸರ್ ರೋಗಿಗಳ ಮನೆಯವರಿಗಾಗಿ ಶಿವಮೊಗ್ಗದಲ್ಲಿ ಏರ್ಪಾಡಾಗಿದ್ದ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಂದೇ ವಿಷಯ ಮಾತಾಡುತ್ತೇನೆ. ಮನೆಯಲ್ಲೊಬ್ಬರಿಗೆ ಕ್ಯಾನ್ಸರ್ ಆಗಿದೆ, ಡಾಕ್ಟರು ಔಷಧಿ ಬರೆದಿದ್ದಾರೆ, ಕೈಯಲ್ಲಿ ಆರೋಗ್ಯ ವಿಮೆಯ ಪಾಲಿಸಿ ಇದೆ. ಆ ಔಷಧಿಯ ದುಡ್ಡು ವಿಮೆಯಿಂದ ಬರುವಂತೆ ಮಾಡುವುದು ಹೇಗೆ? ಆಪರೇಷನ್ ವಿಷಯ ಎತ್ತುವುದಿಲ್ಲ. ಆಪರೇಷನ್ ಅಂದಮೇಲೆ ಅಡ್ಮಿಷನ್ ಇದ್ದೇ ಇರುತ್ತದೆ, ಅಲ್ಲಿ ತಕರಾರು ಕಡಿಮೆ. ತಕರಾರು ಹುಟ್ಟುವುದು ಆಮೇಲೆ, ಕೀಮೋ, ಇಂಜೆಕ್ಷನ್, ಮಾತ್ರೆ ಎಂದು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ಚಿಕಿತ್ಸೆಯಲ್ಲಿ. ಆಸ್ಪತ್ರೆಯೊಂದರ ಇನ್ಶೂರೆನ್ಸ್ ಡೆಸ್ಕಿನಲ್ಲಿ ಬಹಳ ಕಾಲ ಕೆಲಸ ಮಾಡಿದವಳು ನಾನು. "ರಿಜೆಕ್ಟ್ ಆಗಿದೆಯಂತೆ" ಎಂದು ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟುಹೋದವರನ್ನು ದಿನವೂ ನೋಡುತ್ತಿದ್ದೆ. ಅವರಲ್ಲಿ ಎಷ್ಟೋ ಜನರಿಗೆ ಬರಬೇಕಾದ ಹಣವಿತ್ತು. ಆ ಕಾಗದವನ್ನು ಬಿಚ್ಚಿ ಓದುವುದು ಹೇಗೆ, ಅದಕ್ಕೆ ಉತ್ತರ ಬರೆಯುವುದು ಹೇಗೆ ಎಂದು ಹೇಳಲಿಕ್ಕೆ ಬಂದಿದ್ದೇನೆ.

ಮೊದಲು ಈ ತಕರಾರಿನ ಬೇರು ಎಲ್ಲಿದೆ ನೋಡೋಣ. ನಮ್ಮಲ್ಲಿ ಆರೋಗ್ಯ ವಿಮೆ ಹುಟ್ಟಿದ್ದೇ ಆಸ್ಪತ್ರೆಯ ಹಾಸಿಗೆಯ ಸುತ್ತ. ಕನಿಷ್ಠ 24 ಗಂಟೆ ಒಳರೋಗಿಯಾಗಿ ಇದ್ದರೆ ಅದು ಆಸ್ಪತ್ರೆ ವಾಸ, ಅದಕ್ಕೆ ದುಡ್ಡು. ಉಳಿದದ್ದು ಒಪಿಡಿ, ಅಂದರೆ ಹೊರರೋಗಿ ಚಿಕಿತ್ಸೆ, ಅದು ನಿಮ್ಮ ಖರ್ಚು. ಪಾಲಿಸಿಯ ಒಳಗಿರುವ ಎಲ್ಲ ಷರತ್ತುಗಳ ತಳಪಾಯ ಇದು. ಆದರೆ ಕ್ಯಾನ್ಸರಿನ ಔಷಧಿ ಹಾಸಿಗೆ ಬಿಟ್ಟು ಎದ್ದು ಬಹಳ ಕಾಲವಾಯಿತು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಇದೆ. ಮೊದಲೆಲ್ಲ ಅದಕ್ಕೆ ಅಸ್ಥಿಮಜ್ಜೆಯ ಕಸಿಯೇ ದೊಡ್ಡ ಭರವಸೆಯಾಗಿತ್ತು. 2001ರಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆಗೆ ಒಪ್ಪಿಗೆ ಸಿಕ್ಕಿತು. ಆಮೇಲಿಂದ ಆ ರೋಗಿಗಳು ಬೆಳಿಗ್ಗೆ ತಿಂಡಿ ತಿಂದು, ಒಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ಆ ಔಷಧಿಯ ಪೇಟೆಂಟ್ ಪ್ರಕರಣದಲ್ಲಿ 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟ್ ನೋವಾರ್ಟಿಸ್ ಕಂಪನಿಯ ವಾದವನ್ನು ತಳ್ಳಿಹಾಕಿದ್ದರಿಂದ ಅಗ್ಗದ ಜೆನೆರಿಕ್ ಮಾತ್ರೆ ನಮ್ಮಲ್ಲಿ ಉಳಿಯಿತು. ಡ್ರಿಪ್ಪಿನಲ್ಲಿ ಹಾಕುವ ಕೀಮೋ ಕೂಡ ಈಗ ಹೆಚ್ಚಾಗಿ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ಡೇ ಕೇರ್ ಚಿಕಿತ್ಸೆ. ಚಿಕಿತ್ಸೆ ಮನೆಗೆ ಬಂದಿದೆ, ಪಾಲಿಸಿ ಇನ್ನೂ ವಾರ್ಡಿನಲ್ಲೇ ಮಲಗಿದೆ. ಇಷ್ಟು ಮನಸ್ಸಿನಲ್ಲಿಟ್ಟುಕೊಂಡರೆ ಬರುವ ತಿರಸ್ಕಾರ ಪತ್ರಗಳಲ್ಲಿ ಅರ್ಧದಷ್ಟು ತಾನಾಗಿಯೇ ಅರ್ಥವಾಗುತ್ತವೆ.

ಈ ಅಂತರ ವಿಮಾ ನಿಯಂತ್ರಕರ ಕಣ್ಣಿಗೆ ಬಿದ್ದಿಲ್ಲ ಎಂದಲ್ಲ. ಡೇ ಕೇರ್ ಎಂಬ ವ್ಯವಸ್ಥೆ ಬಂತು. ಕೀಮೋ ಹೆಚ್ಚುಕಡಿಮೆ ಎಲ್ಲ ಪಾಲಿಸಿಗಳ ಡೇ ಕೇರ್ ಪಟ್ಟಿಯಲ್ಲಿದೆ. ಆಮೇಲೆ 2019ರ ಸೆಪ್ಟೆಂಬರಿನಲ್ಲಿ ವಿಮಾ ನಿಯಂತ್ರಕ ಸಂಸ್ಥೆಯಾದ ಐಆರ್‌ಡಿಎಐ ಹನ್ನೆರಡು ಆಧುನಿಕ ಚಿಕಿತ್ಸೆಗಳ ಪಟ್ಟಿ ಮಾಡಿ, ಇವನ್ನು ಯಾವ ಕಂಪನಿಯೂ ಪಾಲಿಸಿಯಿಂದ ಹೊರಗಿಡುವಂತಿಲ್ಲ ಎಂದಿತು. ಹೊಸ ಪಾಲಿಸಿಗಳಿಗೆ ಅದೇ ವರ್ಷದ ಅಕ್ಟೋಬರ್ 1ರಿಂದ, ಹಳೆಯವಕ್ಕೆ 2020ರ ಅಕ್ಟೋಬರ್ 1ರಿಂದ ಇದು ಜಾರಿಗೆ ಬಂತು. ಪಟ್ಟಿಯಲ್ಲಿ ರೋಬೋಟಿಕ್ ಸರ್ಜರಿಯಂಥವು ಇವೆ, ಅವು ಇಲ್ಲಿ ಬೇಡ. ನಮಗೆ ಮುಖ್ಯವಾದವು ಎರಡು: ಬಾಯಿಯ ಮೂಲಕ ಕೊಡುವ ಕೀಮೋಥೆರಪಿ, ಮತ್ತು ಇಂಜೆಕ್ಷನ್ ರೂಪದಲ್ಲಿ ಕೊಡುವ ಮೊನೊಕ್ಲೋನಲ್ ಆ್ಯಂಟಿಬಾಡಿ ಇಮ್ಯುನೋಥೆರಪಿ, ಅಂದರೆ ಪ್ರಯೋಗಾಲಯದಲ್ಲಿ ತಯಾರಿಸಿದ ಪ್ರತಿಕಾಯಗಳ ಚಿಕಿತ್ಸೆ. ಒಳ್ಳೆಯ ಹೆಜ್ಜೆ. ಆದರೆ ಅದರ ಜೊತೆಗೇ ಎರಡು ಗಂಟುಗಳು ಬಂದವು. ಒಂದು, ಈ ಚಿಕಿತ್ಸೆಗಳಿಗೆ ಕಂಪನಿ ಮಿತಿ ಹಾಕಬಹುದು. ಎರಡು, ಪಾಲಿಸಿಯಲ್ಲಿ ಇವನ್ನು "ಒಳರೋಗಿಯಾಗಿ ಅಥವಾ ಆಸ್ಪತ್ರೆಯ ಡೇ ಕೇರ್ ಚಿಕಿತ್ಸೆಯ ಭಾಗವಾಗಿ" ಕೊಡಬೇಕು ಎಂದು ಬರೆದಿರುತ್ತದೆ. ಮತ್ತೆ ಹಾಸಿಗೆಯೇ.

ಹಾಗಾಗಿ ಒಬ್ಬರೇ ರೋಗಿ, ಒಂದೇ ಕಾಯಿಲೆ, ಮೂರು ಔಷಧಿ, ಮೂರು ನಿಯಮ. ಡ್ರಿಪ್ಪಿನ ಕೀಮೋ ಡೇ ಕೇರ್ ಲೆಕ್ಕದಲ್ಲಿ ಪೂರ್ತಿ ವಿಮಾ ಮೊತ್ತದವರೆಗೆ ಸಿಗುತ್ತದೆ. ಆ್ಯಂಟಿಬಾಡಿ ಇಂಜೆಕ್ಷನ್ನಿಗೆ ಮಿತಿ ಇರಬಹುದು. ಮಾತ್ರೆಗೂ ಮಿತಿ ಇರಬಹುದು, ಜೊತೆಗೆ "ನೀವು ಅಡ್ಮಿಟ್ ಆಗೇ ಇಲ್ಲವಲ್ಲ" ಎಂಬ ಮಾತು ಕೇಳಬೇಕಾಗಬಹುದು.

ಒಂದು ಪ್ರಕರಣ ಹೇಳುತ್ತೇನೆ, ಹೆಸರು ಊರು ಬೇಡ. ಪ್ರಾಥಮಿಕ ಶಾಲೆಯ ಟೀಚರ್ ಒಬ್ಬರಿಗೆ ಸ್ತನ ಕ್ಯಾನ್ಸರ್, ಹರ್-2 ಪಾಸಿಟಿವ್, ಅಂದರೆ ಹರ್-2 ಎಂಬ ಪ್ರೋಟೀನ್ ಹೆಚ್ಚಾಗಿರುವ ಬಗೆ. ಈ ಬಗೆಗೆ ಟ್ರಾಸ್ಟುಜುಮಾಬ್ ಎಂಬ ಔಷಧಿ ಕೊಡುತ್ತಾರೆ. ಅದರ ಬಯೋಸಿಮಿಲರ್ ರೂಪವನ್ನು, ಅಂದರೆ ಮೂಲ ಔಷಧಿಯನ್ನು ಬಹುಪಾಲು ಹೋಲುವ ಇನ್ನೊಂದು ಕಂಪನಿಯ ತಯಾರಿಕೆಯನ್ನು, ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿದದ್ದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. 21 ದಿನಕ್ಕೊಮ್ಮೆ, ಸಾಮಾನ್ಯವಾಗಿ ಒಂದು ವರ್ಷ. ಮೊದಲ ಕೆಲವು ಸುತ್ತು ಕೀಮೋದ ಜೊತೆಗೇ ಕೊಡುತ್ತಿದ್ದರು, ಕಂಪನಿ ತಕರಾರಿಲ್ಲದೆ ಕೊಟ್ಟಿತು. ಕೀಮೋ ಮುಗಿದು ಟ್ರಾಸ್ಟುಜುಮಾಬ್ ಒಂದೇ ಮುಂದುವರಿದಾಗ ಕಾಗದ ಬಂತು: ಇದು ಮೊನೊಕ್ಲೋನಲ್ ಆ್ಯಂಟಿಬಾಡಿ, ಆಧುನಿಕ ಚಿಕಿತ್ಸೆಯ ಮಿತಿ ಮುಗಿದಿದೆ, ಇನ್ನು ಕೊಡಲಾಗುವುದಿಲ್ಲ.

ಟೀಚರ ಗಂಡ ಕಾಗದ ಹಿಡಿದು ಬಂದಾಗ ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಆಸೆಯೂ ಇರಲಿಲ್ಲ. ಉಳಿದ ಸುತ್ತುಗಳಿಗೆ ಅಡಿಕೆ ಮಾರಿದ ದುಡ್ಡು ಸಾಲದು, ತೋಟದ ಮೇಲೆ ಸಾಲ ತೆಗೆಯುತ್ತೇನೆ ಅಂದರು. ನಾವು ಮಾಡಿದ್ದು ಇಷ್ಟೇ: ಪಾಲಿಸಿಯ ಶೆಡ್ಯೂಲ್ ಪುಟ ತೆಗೆದು ಆ ಮಿತಿಯ ಸಾಲನ್ನು ಪೂರ್ತಿ ಓದಿದೆವು. ಅದು ನಿಯಂತ್ರಕರೇ ಎಲ್ಲ ಕಂಪನಿಗಳಿಗೂ ಒಂದೇ ಮಾದರಿಯಲ್ಲಿ ಹಾಕಿಕೊಟ್ಟ "ಆರೋಗ್ಯ ಸಂಜೀವನಿ" ಪಾಲಿಸಿ. 2020ರ ಏಪ್ರಿಲ್‌ನಿಂದ ಇದೆ. (ಸರ್ಕಾರಿ ನೌಕರರ ಯೋಜನೆಗೂ ಸಂಜೀವಿನಿ ಎಂಬ ಹೆಸರಿದೆ, ಅದು ಬೇರೆ, ಗೊಂದಲ ಮಾಡಿಕೊಳ್ಳಬೇಡಿ.) ಅದರಲ್ಲಿ ಆಧುನಿಕ ಚಿಕಿತ್ಸೆಗೆ ಮಿತಿ ವಿಮಾ ಮೊತ್ತದ 50%. ಅಂದರೆ 5 ಲಕ್ಷದ ಪಾಲಿಸಿಯಲ್ಲಿ ಎರಡೂವರೆ ಲಕ್ಷ. ಸಾಲಿನ ಕೊನೆಯಲ್ಲಿ ಇನ್ನೊಂದು ಮಾತಿತ್ತು: ಈ ಮಿತಿ ಪಾಲಿಸಿ ಅವಧಿಗೆ. ಅವರ ಪಾಲಿಸಿ ಸ್ವಲ್ಪ ದಿನದಲ್ಲೇ ನವೀಕರಣಕ್ಕೆ ಬರುತ್ತಿತ್ತು. ನವೀಕರಣವಾದ ಮೇಲೆ ಮಿತಿ ಮತ್ತೆ ಹೊಸದಾಗಿ ಶುರು. ಉಳಿದ ಸುತ್ತುಗಳಲ್ಲಿ ಹೆಚ್ಚಿನವು ಹೊಸ ವರ್ಷದೊಳಗೆ ಬೀಳುತ್ತಿದ್ದವು. "ಇನ್ನು ಕೊಡಲಾಗುವುದಿಲ್ಲ" ಎಂಬ ವಾಕ್ಯ ಆ ಪಾಲಿಸಿ ವರ್ಷದ ಮಟ್ಟಿಗಷ್ಟೇ ನಿಜವಾಗಿತ್ತು, ಆದರೆ ಕಾಗದದಲ್ಲಿ ಅದು ಬರೆದಿರಲಿಲ್ಲ. ನಡುವೆ ಬಿದ್ದ ಸುತ್ತುಗಳ ಖರ್ಚನ್ನು ಅವರೇ ಕೊಟ್ಟರು, ಉಳಿದದ್ದು ವಿಮೆಯಿಂದ ಬಂತು. ತೋಟದ ಮೇಲೆ ಸಾಲ ಆಗಲಿಲ್ಲ.

ಇಲ್ಲಿ ಇನ್ನೊಂದು ವಾದವೂ ಇದೆ. ಟ್ರಾಸ್ಟುಜುಮಾಬ್, ರಿಟುಕ್ಸಿಮಾಬ್ ಇವು ರಚನೆಯಲ್ಲಿ ಆ್ಯಂಟಿಬಾಡಿಗಳೇ, ಆದರೆ ವೈದ್ಯರು ಇವನ್ನು ಟಾರ್ಗೆಟೆಡ್ ಚಿಕಿತ್ಸೆ, ಅಂದರೆ ಕ್ಯಾನ್ಸರ್ ಕೋಶದ ನಿರ್ದಿಷ್ಟ ಗುರಿಗೆ ಹೊಡೆಯುವ ಚಿಕಿತ್ಸೆ, ಎಂದು ಕರೆಯುತ್ತಾರೆ. ಕೀಮೋದ ಜೊತೆ ಒಂದೇ ಚಿಕಿತ್ಸಾ ಕ್ರಮವಾಗಿ ಕೊಡುತ್ತಾರೆ. ಆದ್ದರಿಂದ ಅವನ್ನು ಇಮ್ಯುನೋಥೆರಪಿಯ ಮಿತಿಗೆ ಸೇರಿಸಬೇಡಿ ಎಂದು ಕೇಳಬಹುದು. ಇದು ಎಲ್ಲ ಕಡೆ ಗೆಲ್ಲುವ ವಾದ ಎಂದು ಹೇಳುವುದಿಲ್ಲ. ಪಾಲಿಸಿಯ ಭಾಷೆ ಹೇಗಿದೆ, ಡಾಕ್ಟರ ಪತ್ರ ಹೇಗಿದೆ ಎನ್ನುವುದರ ಮೇಲೆ ನಿಂತಿದೆ. ಕೇಳದೆ ಮಾತ್ರ ಬಿಡಬೇಡಿ.

ಈಗ ಮಾತ್ರೆಗೆ ಬರೋಣ. ಅತಿ ಹೆಚ್ಚು ಕಣ್ಣೀರು ಇರುವುದು ಇಲ್ಲೇ. ಬೀಡಿ ಸಿಗರೇಟು ಮುಟ್ಟದ ಹೆಂಗಸರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆ. ಅಂಥವರಲ್ಲಿ ಬಹಳಷ್ಟು ಜನರಿಗೆ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಬದಲಾವಣೆ ಇರುತ್ತದೆ, ಅವರಿಗೆ ಕೀಮೋಗಿಂತ ಆಸಿಮೆರ್ಟಿನಿಬ್‌ನಂಥ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ದಿನಕ್ಕೊಂದು ಮಾತ್ರೆ. ವಿಮೆಗೆ ಕಳಿಸಿದರೆ ಉತ್ತರ: "ಆಸ್ಪತ್ರೆ ವಾಸ ಇಲ್ಲ, ಒಪಿಡಿ ಖರ್ಚು, ಪಾವತಿಸಲಾಗದು." ಆ ರೋಗಿಗೆ ಅಷ್ಟಾಗಿ ಕೆಲಸ ಮಾಡದ ಕೀಮೋ ಡ್ರಿಪ್ಪಿನಲ್ಲಿ ಹಾಕಿಸಿದ್ದರೆ ಇದೇ ಕಂಪನಿ ದುಡ್ಡು ಕೊಡುತ್ತಿತ್ತು! ಇದು ಅನ್ಯಾಯ ಎಂದು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಉತ್ತರ ಹೇಗೆ? ಪಾಲಿಸಿಯಲ್ಲಿ ಬಾಯಿಯ ಮೂಲಕ ಕೊಡುವ ಕೀಮೋಥೆರಪಿ ಸೇರಿದೆ ಎಂದು ಕಂಪನಿಯೇ ಬರೆದಿದೆ. ಬಾಯಿಯ ಮೂಲಕ ಕೊಡುವ ಔಷಧಿಗೆ ಸಹಜವಾಗಿ ಹಾಸಿಗೆ ಬೇಕಾಗುವುದಿಲ್ಲ. ಹಾಸಿಗೆ ಇಲ್ಲದಿದ್ದರೆ ಕೊಡುವುದಿಲ್ಲ ಎಂದಾದರೆ ಆ ಸಾಲನ್ನು ಪಾಲಿಸಿಯಲ್ಲಿ ಸೇರಿಸಿದ್ದರ ಅರ್ಥವೇನು? ಷರತ್ತಿಗೆ ಎರಡು ಅರ್ಥ ಬರುವಂತಿದ್ದರೆ, ಅದನ್ನು ಬರೆದ ಕಂಪನಿಯ ವಿರುದ್ಧ, ಪಾಲಿಸಿದಾರರ ಪರವಾಗಿ ಓದಬೇಕು ಎನ್ನುವುದು ನಮ್ಮ ನ್ಯಾಯಾಲಯಗಳು ಮತ್ತೆ ಮತ್ತೆ ಎತ್ತಿಹಿಡಿದ ತತ್ವ. ದೂರು ಬರೆಯುವಾಗ ಈ ಎರಡು ಮಾತು ಇರಲಿ.

ಅದರ ಜೊತೆಗೆ ಆಸ್ಪತ್ರೆಯ ಕಡೆಯಿಂದ ಆಗಬೇಕಾದ ಕೆಲಸವೂ ಇದೆ. ಇಂಥ ಮಾತ್ರೆ ಶುರು ಮಾಡುವ ದಿನ ಡಾಕ್ಟರು ರಕ್ತ ಪರೀಕ್ಷೆ, ಇಸಿಜಿ ನೋಡುತ್ತಾರೆ, ಪರಿಣಾಮಗಳನ್ನು ಗಮನಿಸುತ್ತಾರೆ. ಅದು ನಿಜವಾಗಿಯೂ ಡೇ ಕೇರ್ ವಿಭಾಗದಲ್ಲಿ ನಡೆದಿದ್ದರೆ ಡೇ ಕೇರ್ ಎಂದೇ ದಾಖಲಾಗಬೇಕು, ಒಪಿಡಿ ಚೀಟಿಯಲ್ಲಿ ಎರಡು ಸಾಲು ಗೀಚಿ ಕಳಿಸಬಾರದು. ಇನ್ನು, ಅಡ್ಮಿಷನ್ ಆಗಿ ಡಿಸ್ಚಾರ್ಜ್ ಆದ ಮೇಲೆ ಸಾಮಾನ್ಯವಾಗಿ 60 ದಿನದವರೆಗಿನ ಔಷಧಿ ಖರ್ಚು, ಕೆಲವು ಪಾಲಿಸಿಗಳಲ್ಲಿ ಇನ್ನೂ ಹೆಚ್ಚು ದಿನದ್ದು, ಪಾಲಿಸಿಯೊಳಗೇ ಬರುತ್ತದೆ. ಬಯಾಪ್ಸಿಗೋ ಶ್ವಾಸಕೋಶದ ನೀರು ತೆಗೆಯಲಿಕ್ಕೋ ಅಡ್ಮಿಟ್ ಆಗಿದ್ದರೆ ಆ ದಿನಗಳ ಮಾತ್ರೆಯ ಬಿಲ್ಲನ್ನು ಹಾಕದೆ ಬಿಡುವವರು ಬಹಳ ಜನ. ಒಂದು ಎಚ್ಚರಿಕೆ ಗಟ್ಟಿಯಾಗಿ ಹೇಳಬೇಕು. ಅಡ್ಮಿಟ್ ಆಗದೆ ಅಡ್ಮಿಟ್ ಆದಂತೆ ಕಾಗದ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ವಂಚನೆ. ಸಿಕ್ಕಿಬಿದ್ದರೆ ಆ ಕ್ಲೇಮಷ್ಟೇ ಅಲ್ಲ, ಪಾಲಿಸಿಯೇ ಹೋಗುತ್ತದೆ, ಆಗ ರೋಗಿಯ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಮೂರನೆಯ ಬಗೆಯ ತಿರಸ್ಕಾರ "ಪ್ರಾಯೋಗಿಕ ಚಿಕಿತ್ಸೆ" ಎಂಬುದು. ಎಲ್ಲ ಪಾಲಿಸಿಗಳಲ್ಲೂ ಹೊರಗಿಟ್ಟ ಖರ್ಚುಗಳಿಗೆ ಒಂದೇ ಬಗೆಯ ಸಂಕೇತ ಸಂಖ್ಯೆಗಳಿವೆ. 16ನೆಯದು ಸಾಬೀತಾಗದ ಚಿಕಿತ್ಸೆ. ಅದರ ವಿವರಣೆ ಓದಿ: ಪರಿಣಾಮವನ್ನು ಸಮರ್ಥಿಸುವ ಗಮನಾರ್ಹ ವೈದ್ಯಕೀಯ ದಾಖಲೆ ಇಲ್ಲದ ಚಿಕಿತ್ಸೆ. ಹಾಗಾದರೆ ದಾಖಲೆ ತೋರಿಸಿದರೆ ಆ ಸಂಖ್ಯೆ ಬಿದ್ದುಹೋಗುತ್ತದೆ. ತೋರಿಸಬೇಕಾದವರು ನಿಮ್ಮ ಡಾಕ್ಟರು, ಒಂದು ಪತ್ರದ ಮೂಲಕ. ನನ್ನ ಅನುಭವದಲ್ಲಿ ಕ್ಲೇಮು ಗೆಲ್ಲುವುದೂ ಸೋಲುವುದೂ ಹೆಚ್ಚಾಗಿ ಈ ಒಂದು ಪುಟದಲ್ಲಿ. ಸಾಮಾನ್ಯವಾಗಿ ಬರುವ ಪತ್ರ ಹೀಗಿರುತ್ತದೆ: "ಇವರು ಕ್ಯಾನ್ಸರ್ ರೋಗಿ, ಈ ಔಷಧಿ ಅಗತ್ಯ, ದಯವಿಟ್ಟು ಸಹಕರಿಸಿ." ಇದರಿಂದ ಏನೂ ಆಗದು. ಪತ್ರ ಇಂಗ್ಲಿಷಿನಲ್ಲೇ ಇರುತ್ತದೆ, ಅದರ ತಿರುಳು ಹೇಗಿರಬೇಕೆಂದು ಕನ್ನಡದಲ್ಲಿ ಹೇಳುತ್ತೇನೆ:

"ರೋಗಿಗೆ ನಾಲ್ಕನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಬಯಾಪ್ಸಿಯ ಜೀನ್ ಪರೀಕ್ಷೆಯಲ್ಲಿ ಇಜಿಎಫ್‌ಆರ್ ಎಕ್ಸಾನ್ 19 ಡಿಲೀಷನ್ ಕಂಡಿದೆ, ವರದಿ ಲಗತ್ತಿಸಿದೆ. ಈ ಬದಲಾವಣೆಗೆ ಆಸಿಮೆರ್ಟಿನಿಬ್ 80 ಮಿಲಿಗ್ರಾಂ, ದಿನಕ್ಕೊಮ್ಮೆ, ಮೊದಲ ಸಾಲಿನ ಚಿಕಿತ್ಸೆ. ಇದಕ್ಕೆ ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಇದೆ. ಎನ್‌ಸಿಸಿಎನ್ ಮಾರ್ಗಸೂಚಿಯ ಸಂಬಂಧಪಟ್ಟ ಪುಟ ಜೊತೆಗಿದೆ. ಇದು ಕ್ಯಾನ್ಸರ್ ವಿರುದ್ಧ ಬಾಯಿಯ ಮೂಲಕವೇ ಕೊಡುವ ಔಷಧಿ, ಡ್ರಿಪ್ಪಿನ ರೂಪದಲ್ಲಿ ಇಲ್ಲ. ರೋಗ ಹತೋಟಿಯಲ್ಲಿರುವವರೆಗೆ ಮುಂದುವರಿಸಬೇಕು. ಕೊಡದಿದ್ದರೆ ರೋಗ ಬೇಗ ಉಲ್ಬಣಿಸಿ ಆಸ್ಪತ್ರೆ ಸೇರಬೇಕಾಗುತ್ತದೆ."

(ಎನ್‌ಸಿಸಿಎನ್ ಎಂದರೆ ಕ್ಯಾನ್ಸರ್ ಚಿಕಿತ್ಸೆಯ ಮಾರ್ಗಸೂಚಿ ಹೊರಡಿಸುವ ಅಮೆರಿಕದ ಆಸ್ಪತ್ರೆಗಳ ಒಕ್ಕೂಟ.) ಪ್ರತಿ ವಾಕ್ಯವೂ ಕಂಪನಿಯ ವೈದ್ಯರ ಒಂದೊಂದು ಪ್ರಶ್ನೆಗೆ ಉತ್ತರ. ಯಾವ ರೋಗ, ಯಾವ ಹಂತ, ಯಾವ ಪುರಾವೆಯ ಮೇಲೆ, ಯಾವ ಪ್ರಮಾಣದಲ್ಲಿ, ಎಷ್ಟು ಕಾಲ, ಬಿಟ್ಟರೆ ಏನು. ಡಾಕ್ಟರಿಗೆ ಸಮಯವಿರುವುದಿಲ್ಲ, ನಿಜ. ನೀವೇ ಕರಡು ಬರೆದುಕೊಂಡು ಹೋಗಿ, ಅವರು ತಿದ್ದಿ ಸಹಿ ಹಾಕುತ್ತಾರೆ. ಹಾಗೆ ಕರಡು ಹಿಡಿದು ಹೋದವರಿಗೆ ಬೈದ ಡಾಕ್ಟರನ್ನು ನಾನು ನೋಡಿಲ್ಲ. ಆಸ್ಪತ್ರೆಯಲ್ಲಿ ಟ್ಯೂಮರ್ ಬೋರ್ಡ್ ಇದ್ದರೆ, ಅಂದರೆ ಹಲವು ತಜ್ಞರು ಕೂತು ಒಬ್ಬ ರೋಗಿಯ ಚಿಕಿತ್ಸೆ ನಿರ್ಧರಿಸುವ ಸಭೆ, ಅದರ ತೀರ್ಮಾನದ ಪ್ರತಿಯನ್ನೂ ಕೇಳಿ ಪಡೆಯಿರಿ.

ಇನ್ನೊಂದು ಪುಟವನ್ನೂ ಕಣ್ಣಿಟ್ಟು ಓದಬೇಕು, ಡಿಸ್ಚಾರ್ಜ್ ಸಮ್ಮರಿ. ಅಲ್ಲಿ "ಎರಡು ವರ್ಷದಿಂದ ಎದೆಯಲ್ಲಿ ಗಂಟು" ಎಂದು ಬರೆದಿರುತ್ತದೆ. ರೋಗಿ ಹೇಳಿದ್ದು "ಎರಡು ತಿಂಗಳು". ಗಡಿಬಿಡಿಯಲ್ಲಿ ಕಿರಿಯ ಡಾಕ್ಟರು ಬರೆದುಕೊಂಡದ್ದು ಹಾಗೆ. ಪಾಲಿಸಿಗೆ ಒಂದೂವರೆ ವರ್ಷವಾಗಿದ್ದರೆ ಕಂಪನಿಗೆ ಅಷ್ಟು ಸಾಕು, ಇದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ ಎನ್ನುತ್ತಾರೆ. ತಪ್ಪಾಗಿದ್ದರೆ ಅಂದೇ, ಬಿಲ್ ಕಟ್ಟುವ ಮೊದಲೇ ತಿದ್ದಿಸಿ, ತಿದ್ದಿದ ಕಡೆ ಡಾಕ್ಟರ ಸಹಿ ಸೀಲು ಇರಲಿ. ನಿಜವಾಗಿಯೂ ಎರಡು ವರ್ಷವಿದ್ದರೆ ತಿದ್ದಿಸಲು ಹೋಗಬೇಡಿ. 2024ರ ಏಪ್ರಿಲ್‌ನಿಂದ ಬಂದ ನಿಯಮದಂತೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ, ಅಂದರೆ ಅದಕ್ಕೆ ವಿಮೆಯ ದುಡ್ಡು ಸಿಗದ ಆರಂಭದ ಅವಧಿ, ಗರಿಷ್ಠ 36 ತಿಂಗಳು. ಸತತ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ನೀವು ಮೊದಲೇ ಹೇಳಲಿಲ್ಲ ಎಂಬ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ. ಬಿಪಿ, ಶುಗರ್ ಇದೆ ಎಂದು ಪ್ರಪೋಸಲ್ ಫಾರಂನಲ್ಲಿ ಬರೆದಿದ್ದೀರಿ, ಕಂಪನಿ ತಪಾಸಣೆ ಮಾಡಿಸಿಯೇ ಪಾಲಿಸಿ ಕೊಟ್ಟಿದೆ, ಆಮೇಲೆ ಅದನ್ನೇ ಹಿಡಿದು ಇಲ್ಲ ಎಂದರೆ? ಹಾಗೆ ಮಾಡುವಂತಿಲ್ಲ ಎಂದು ಮನಮೋಹನ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಹೇಳಿದೆ.

ರೂಂ ಬಾಡಿಗೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಪಾಲಿಸಿಯ ಮಿತಿಗಿಂತ ದುಬಾರಿ ರೂಂ ತೆಗೆದುಕೊಂಡರೆ ಡಾಕ್ಟರ ಫೀಸು ಮುಂತಾದವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. ಔಷಧಿಯ ಬಿಲ್ಲನ್ನು ಹಾಗೆ ಕತ್ತರಿಸುವಂತಿಲ್ಲ. 2020ರ ಐಆರ್‌ಡಿಎಐ ಮಾರ್ಗಸೂಚಿ ಫಾರ್ಮಸಿ, ಇಂಪ್ಲಾಂಟ್, ಪರೀಕ್ಷೆಗಳನ್ನು ಈ ಕಡಿತದಿಂದ ಹೊರಗಿಟ್ಟಿದೆ. ಕೀಮೋ ಬಿಲ್ಲಿನಲ್ಲಿ ದೊಡ್ಡ ಮೊತ್ತ ಔಷಧಿಯದ್ದೇ ಆದ್ದರಿಂದ ಕಡಿತದ ಪಟ್ಟಿಯನ್ನು ಸಾಲುಸಾಲಾಗಿ ನೋಡಿ.

ಈಗ, "ಇಲ್ಲ" ಎಂದು ಬಂದೇ ಬಿಟ್ಟಿತು ಅಂದುಕೊಳ್ಳಿ. ಮೊದಲು ನೋಡಬೇಕಾದ್ದು ಯಾರು ಹೇಳಿದರು, ಯಾವುದಕ್ಕೆ ಹೇಳಿದರು. ಕ್ಯಾಶ್‌ಲೆಸ್ (ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಕಟ್ಟುವುದು) ಇಲ್ಲ ಎಂದರೆ ಕ್ಲೇಮೇ ಇಲ್ಲ ಎಂದಲ್ಲ. ಈಗ ನೀವು ಕಟ್ಟಿ, ಆಮೇಲೆ ಬಿಲ್ ಕಳಿಸಿ ಕೇಳುವ ದಾರಿ ತೆರೆದೇ ಇರುತ್ತದೆ. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ಇನ್ನು ಟಿಪಿಎ ಎನ್ನುವುದು ಕಂಪನಿಯ ಪರವಾಗಿ ಕಾಗದ ನೋಡುವ ಸಂಸ್ಥೆ. ಕ್ಲೇಮನ್ನು ತಿರಸ್ಕರಿಸುವ ತೀರ್ಮಾನ ವಿಮಾ ಕಂಪನಿಯದ್ದು. ಟಿಪಿಎಯ ಮೆಸೇಜನ್ನು ಕೊನೆಯ ಮಾತೆಂದು ತಿಳಿಯಬೇಡಿ, ಕಂಪನಿಯ ಪತ್ರ ಕೇಳಿ.

2024ರ ಮೇ 29ರಂದು ಐಆರ್‌ಡಿಎಐ ಹೊರಡಿಸಿದ ಮಾಸ್ಟರ್ ಸರ್ಕ್ಯುಲರ್ ನಿಮ್ಮ ಕೈಗೆ ಒಳ್ಳೆಯ ಆಯುಧ ಕೊಟ್ಟಿದೆ. ಕ್ಯಾಶ್‌ಲೆಸ್ ಕೋರಿಕೆಗೆ 1 ಗಂಟೆಯೊಳಗೆ ಉತ್ತರಿಸಬೇಕು. ಡಿಸ್ಚಾರ್ಜ್ ಕೋರಿಕೆ ಬಂದ 3 ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು; ತಡವಾಗಿ ಆಸ್ಪತ್ರೆ ಹೆಚ್ಚು ಬಾಡಿಗೆ ಹಾಕಿದರೆ ಅದನ್ನು ಕಂಪನಿಯೇ ಭರಿಸಬೇಕು. ಎಲ್ಲಕ್ಕಿಂತ ದೊಡ್ಡದು ಇದು: ಕಂಪನಿಯ ಮೂವರ ಕ್ಲೇಮ್ ರಿವ್ಯೂ ಸಮಿತಿಯೋ ಅದರ ಮೇಲಿನ ಸಮಿತಿಯೋ ಒಪ್ಪದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ, ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನ ಅಡಿಯಲ್ಲಿ ಎಂದು ಬರೆದು ತಿಳಿಸಬೇಕು. ಹಾಗಾಗಿ ನಿಮ್ಮ ಮೊದಲ ಇಮೇಲ್ ಎರಡು ಸಾಲಿನದ್ದಾದರೂ ಸಾಕು. ಯಾವ ಷರತ್ತು, ಅದರ ಸಂಖ್ಯೆ ತಿಳಿಸಿ. ರಿವ್ಯೂ ಸಮಿತಿ ಇದನ್ನು ಒಪ್ಪಿದೆಯೇ ತಿಳಿಸಿ. ಈ ಎರಡು ಸಾಲಿನ ನಂತರ ಫೈಲು ಮತ್ತೆ ತೆರೆದದ್ದನ್ನು ನಾನು ಕಂಡಿದ್ದೇನೆ.

ಅಷ್ಟಕ್ಕೂ ಬಗ್ಗದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಐಆರ್‌ಡಿಎಐಯ "ಬಿಮಾ ಭರೋಸಾ" ಪೋರ್ಟಲಿನಲ್ಲೂ ಹಾಕಬಹುದು, 155255 ಸಂಖ್ಯೆಗೆ ಫೋನೂ ಮಾಡಬಹುದು. ಅವರ ಉತ್ತರ ಸಮಾಧಾನ ತರದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರವೇ ಬಾರದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ಪಾಲಿಸಿದಾರರ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಮೊದಲ ಹಂತದಲ್ಲಿ, ಜೀವನ್ ಸೌಧ ಕಟ್ಟಡದಲ್ಲಿದೆ. ಆನ್‌ಲೈನಿನಲ್ಲೂ ದೂರು ಕೊಡಬಹುದು. ಫೀಸಿಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ನಡೆಯುತ್ತದೆ. ಕಂಪನಿಯ ಕೊನೆಯ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು, ಇದನ್ನು ಮರೆಯಬೇಡಿ. ಓಂಬುಡ್ಸ್‌ಮನ್ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, 30 ದಿನದಲ್ಲಿ ಪಾಲಿಸಬೇಕು. ಮೀರಿದರೆ ದಿನಕ್ಕೆ 5,000 ರೂಪಾಯಿಯಂತೆ ನಿಮಗೇ ದಂಡ ಕೊಡಬೇಕು. ಗ್ರಾಹಕರ ಆಯೋಗದ ದಾರಿಯೂ ಇದೆ, ಆದರೆ ಒಂದೇ ವಿಷಯಕ್ಕೆ ಎರಡೂ ಕಡೆ ಒಟ್ಟಿಗೆ ಹೋಗಲಾಗದು. ಚಿಕಿತ್ಸೆ ನಡೆಯುತ್ತಿರುವ ಕುಟುಂಬಕ್ಕೆ ನಾನು ಓಂಬುಡ್ಸ್‌ಮನ್ ಕಚೇರಿಯನ್ನೇ ಮೊದಲು ಹೇಳುತ್ತೇನೆ. ಅಲ್ಲಿ ಕೂತು ನೀವೇ ಮಾತಾಡಬಹುದು, ಕನ್ನಡದಲ್ಲೇ ಕಷ್ಟ ಹೇಳಿಕೊಳ್ಳಿ, ಸಂಕೋಚ ಬೇಡ.

ಔಷಧಿಯ ಬೆಲೆಯ ಬಗ್ಗೆಯೂ ಒಂದು ಮಾತು. ವಿಮಾ ಮೊತ್ತ ತೀರುವ ದುಡ್ಡು. ಆಸ್ಪತ್ರೆ ಫಾರ್ಮಸಿಯಲ್ಲಿ ಎಂಆರ್‌ಪಿಗೆ ಹಾಕಿದ ಇಂಜೆಕ್ಷನ್ ಹೊರಗೆ ಬಹಳ ಕಡಿಮೆಗೆ ಸಿಗುವುದುಂಟು. 2019ರಲ್ಲಿ ಔಷಧಿ ಬೆಲೆ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎನ್‌ಪಿಪಿಎ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭವನ್ನು 30 ಪ್ರತಿಶತಕ್ಕೆ ಕಟ್ಟಿದ್ದು ಈ ಕಾರಣಕ್ಕೇ. "ವಿಮೆ ಕೊಡುತ್ತದಲ್ಲ" ಎಂದು ಬೆಲೆ ಕೇಳದೆ ಬಿಟ್ಟರೆ ಏಳನೇ ಸುತ್ತಿಗೆ ವಿಮೆಯೇ ಮುಗಿದಿರುತ್ತದೆ. ಬಯೋಸಿಮಿಲರ್ ಅಥವಾ ಜೆನೆರಿಕ್ ಆಗುತ್ತದೆಯೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ. ಹೊರಗಿನಿಂದ ತಂದರೆ ರೋಗಿಯ ಹೆಸರಿನಲ್ಲಿ ಜಿಎಸ್‌ಟಿ ಬಿಲ್, ಬ್ಯಾಚ್ ಸಂಖ್ಯೆ, ಡಾಕ್ಟರ ಚೀಟಿ ಇರಲಿ. "ರೋಗಿ ತಂದ ಔಷಧಿಯನ್ನು ಈ ದಿನ ಇಲ್ಲಿ ಕೊಡಲಾಗಿದೆ" ಎಂದು ಆಸ್ಪತ್ರೆಯ ದಾಖಲೆಯಲ್ಲೂ ಬರೆಸಿ. ಈ ಒಂದು ಸಾಲಿಲ್ಲದೆ ವಾಪಸ್ ಬಂದ ಬಿಲ್ಲುಗಳು ಬೇಕಾದಷ್ಟು.

ಪಾಲಿಸಿಯೇ ಇಲ್ಲದವರು, ಇದ್ದರೂ ಮುಗಿದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಎಂಬ ಸರ್ಕಾರಿ ಯೋಜನೆಯನ್ನು ಮರೆಯಬಾರದು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30 ಪ್ರತಿಶತ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ತುರ್ತಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ರೆಫರಲ್ ಇಲ್ಲದೆ ನೇರ ಖಾಸಗಿಗೆ ಹೋಗಿ ಆಮೇಲೆ ಪರದಾಡುವವರು ಬಹಳ. ಇಲ್ಲಿ ಕೀಮೋಗೆ ರೋಗವಾರು ಪ್ಯಾಕೇಜುಗಳಿವೆ, ಹೊಸ ದುಬಾರಿ ಔಷಧಿಗಳೆಲ್ಲ ಇಲ್ಲ. ನಿಮ್ಮ ಔಷಧಿ ಯಾವ ಪ್ಯಾಕೇಜಿನಲ್ಲಿದೆ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನು ಕೇಳಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಈ ಯೋಜನೆಯಡಿ ಚಿಕಿತ್ಸೆ ಪಡೆಯುವವರ ದೊಡ್ಡ ಸಂಖ್ಯೆಯೇ ಇದೆ.

ಈಗ ಪ್ರಶ್ನೆಗಳು.

"ಮೇಡಂ, ನನ್ನ ಹೆಂಡತಿಗೆ ಈ ವರ್ಷ ದೊಡ್ಡ ಕ್ಲೇಮು ಆಯಿತು. ಮುಂದಿನ ವರ್ಷ ಪಾಲಿಸಿ ನವೀಕರಿಸಲ್ಲ ಅಂದರೆ?"

ಹಾಗನ್ನುವಂತಿಲ್ಲ. ಹಿಂದೆ ಕ್ಲೇಮು ಮಾಡಿದಿರಿ ಎಂಬ ಕಾರಣಕ್ಕೆ ನವೀಕರಣ ನಿರಾಕರಿಸುವಂತಿಲ್ಲ, ನಿಮ್ಮೊಬ್ಬರ ಕ್ಲೇಮು ನೋಡಿ ಪ್ರೀಮಿಯಂ ಏರಿಸುವಂತೆಯೂ ಇಲ್ಲ. ಆದರೆ ಆ ಪಾಲಿಸಿಯ ಎಲ್ಲರಿಗೂ ದರ ಏರಿಸಿದಾಗ ನಿಮಗೂ ಏರುತ್ತದೆ. ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಚಿಕಿತ್ಸೆಯ ಓಡಾಟದಲ್ಲಿ ಪ್ರೀಮಿಯಂ ಕಟ್ಟುವುದು ಮರೆತು ಪಾಲಿಸಿ ಬಿದ್ದುಹೋದರೆ, ಕ್ಯಾನ್ಸರ್ ಬಂದ ಮೇಲೆ ಹೊಸದು ಸಿಗುವುದು ತೀರ ಕಷ್ಟ.

"ನನ್ನದು ಕಂಪನಿಯ ಗ್ರೂಪ್ ಇನ್ಶೂರೆನ್ಸ್. ಅಮ್ಮನ ಚಿಕಿತ್ಸೆ ಅದರಲ್ಲೇ ನಡೀತಿದೆ. ಕೆಲಸ ಬಿಡಬೇಕಾದ ಪರಿಸ್ಥಿತಿ ಬಂದಿದೆ."

ರಾಜೀನಾಮೆ ಕೊಡುವ ಮೊದಲು, ದಯವಿಟ್ಟು ಮೊದಲೇ, ಅದೇ ವಿಮಾ ಕಂಪನಿಗೆ ಗ್ರೂಪಿನಿಂದ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿ ಎಂದು ಬರೆಯಿರಿ. ಆ ಅವಕಾಶ ನಿಯಮದಲ್ಲಿದೆ, ಈವರೆಗೆ ಕಾಯ್ದ ಅವಧಿಯ ಲೆಕ್ಕವೂ ಜೊತೆಗೆ ಬರುತ್ತದೆ. ಕಂಪನಿ ಅರ್ಜಿಯನ್ನು ಪರಿಶೀಲಿಸುತ್ತದೆ, ಸಮಯ ಹಿಡಿಯುತ್ತದೆ. ಅದಕ್ಕೇ ಮೊದಲೇ ಎಂದದ್ದು. ಕೆಲಸದ ಕೊನೆಯ ದಿನವೇ ಗ್ರೂಪ್ ಪಾಲಿಸಿಯಿಂದ ಹೆಸರು ಹೋಗುವುದು ಸಾಮಾನ್ಯ.

"ನಮ್ಮಪ್ಪನಿಗೆ ಸೋಮವಾರದಿಂದ ಮಾತ್ರೆ ಶುರು ಮಾಡ್ತಾರೆ ಮೇಡಂ. ಈಗ ಮೊದಲು ಏನು ಮಾಡಲಿ?"

ಇವತ್ತೇ ಪಾಲಿಸಿಯ ಪೂರ್ತಿ ಪುಸ್ತಕ ತೆಗೆದು, ಆಧುನಿಕ ಚಿಕಿತ್ಸೆ ಎಂಬ ಭಾಗದಲ್ಲಿ ಮಿತಿ ಎಷ್ಟಿದೆ ನೋಡಿ. ನಾಳೆ ಡಾಕ್ಟರ ಪತ್ರದ ಕರಡು ಮಾಡಿ, ಬಯಾಪ್ಸಿ ವರದಿ, ಜೀನ್ ಪರೀಕ್ಷೆಯ ವರದಿ ಹಿಡಿದು ಹೋಗಿ ಸಹಿ ಹಾಕಿಸಿಕೊಳ್ಳಿ. ಮಾತ್ರೆ ಶುರುವಾಗುವ ಮೊದಲೇ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಿಂದ ಒಪ್ಪಿಗೆಯ ಕೋರಿಕೆ ಹೋಗಲಿ, ಅದರ ಪ್ರತಿಯನ್ನು ಕಂಪನಿಗೆ ನಿಮ್ಮ ಇಮೇಲಿನಿಂದಲೂ ಕಳಿಸಿ. ಫೋನಿನಲ್ಲಿ "ಆಗಲ್ಲ" ಅಂದರೆ "ಬರೆದು ಕಳಿಸಿ" ಅನ್ನಿ. ಅವರ ಉತ್ತರಕ್ಕಾಗಿ ಮಾತ್ರೆಯನ್ನು ಮಾತ್ರ ತಡ ಮಾಡಬೇಡಿ, ಮೊದಲ ತಿಂಗಳಿನದ್ದು ಕೈಯಿಂದ ಕೊಂಡರೂ ಬಿಲ್ ಇದ್ದರೆ ಆಮೇಲೆ ಕೇಳಬಹುದು. ಸಭೆ ಮುಗಿದ ಮೇಲೆ ಪಾಲಿಸಿ ತೋರಿಸಿ, ಒಟ್ಟಿಗೇ ಓದೋಣ.